ಎಂಆರ್‌ಐ ಡೈ: ಶ್ವಾಸಕೋಶದ ಹೆಪ್ಪನ್ನು ಯಾವುದು ಚೆನ್ನಾಗಿ ತೋರಿಸುತ್ತದೆ?

"ಅಣ್ಣಾ, ಸಿಟಿ ಬೇಡ, ಎಂಆರ್‌ಐನೇ ಮಾಡಿ. ದುಬಾರಿ ಅಂದ್ಮೇಲೆ ಅದೇ ಮೇಲಲ್ವಾ? ಅಪ್ಪಯ್ಯಂಗೆ ಕಿಡ್ನಿ ಸ್ವಲ್ಪ ವೀಕು. ಡೈ ಆಗಲ್ಲ."

ಹೊಸನಗರದ ಕಡೆಯಿಂದ ಬಂದಿದ್ದ ಹೆಂಗಸು. ಹೊರಗೆ ಜುಲೈ ತಿಂಗಳ ಮಳೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಅವರ ಅಪ್ಪಯ್ಯನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮೂರು ವಾರ ಹಾಸಿಗೆಯಲ್ಲೇ ಇದ್ದರು. ಒಂದು ಕಾಲು ಬಾತುಕೊಂಡಿತ್ತು. ಅವತ್ತು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಏದುಸಿರು ಬಂದು ಶಿವಮೊಗ್ಗಕ್ಕೆ ಕರೆತಂದಿದ್ದರು. ಕಾಲಿನಿಂದ ಹೊರಟ ರಕ್ತದ ಹೆಪ್ಪು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರಬಹುದು ಅಂತ ಡಾಕ್ಟರಿಗೆ ಅನುಮಾನ.

ನಾನು ಸ್ಕ್ಯಾನಿಂಗ್ ಟೆಕ್ನಿಷಿಯನ್. ಯಾವ ಸ್ಕ್ಯಾನ್ ಮಾಡಬೇಕು ಅಂತ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಪ್ರಶ್ನೆಗಳು ಮಾತ್ರ ಯಾವಾಗಲೂ ನನ್ನ ಬಾಗಿಲಿಗೇ ಬರುತ್ತವೆ. ಆಕೆಯ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆ ಇದ್ದವು. ಎಂಆರ್‌ಐಗೆ ಡೈ, ಅಂದರೆ ಚಿತ್ರ ಎದ್ದು ಕಾಣಲು ರಕ್ತಕ್ಕೆ ಹಾಕುವ ದ್ರವ, ಹಾಕುವುದಿಲ್ಲ ಅನ್ನುವುದು ಒಂದು. ಎಂಆರ್‌ಐ ದುಬಾರಿ, ಹಾಗಾಗಿ ಎಲ್ಲದಕ್ಕೂ ಅದೇ ಮೇಲು ಅನ್ನುವುದು ಇನ್ನೊಂದು. ಎರಡನ್ನೂ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವತ್ತು ಕಾರಿಡಾರಿನಲ್ಲಿ ಅಷ್ಟು ಪುರುಸೊತ್ತು ಇರಲಿಲ್ಲ.

ಹೆಪ್ಪು ಹುಟ್ಟುವುದು ಹೆಚ್ಚಾಗಿ ಕಾಲಿನ ಒಳಗಿನ ದೊಡ್ಡ ನಾಳಗಳಲ್ಲಿ. ಮಲಗಿದಲ್ಲೇ ಇದ್ದರೆ ಅಲ್ಲಿ ರಕ್ತ ಓಡಾಡುವುದು ನಿಧಾನವಾಗುತ್ತದೆ, ಹೆಪ್ಪುಗಟ್ಟುತ್ತದೆ. ಅದರಿಂದ ಒಂದು ತುಂಡು ಕಿತ್ತುಕೊಂಡರೆ ಹೊಟ್ಟೆಯ ದೊಡ್ಡ ನಾಳ ಹತ್ತಿ, ಹೃದಯದ ಬಲಭಾಗ ದಾಟಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ನಾಳ ಕವಲೊಡೆಯುತ್ತಾ ಕಿರಿದಾಗುತ್ತದೆ. ಗುಡ್ಡದಿಂದ ಅಬ್ಬಿ ನೀರು ತರುವ ಅಡಿಕೆ ದಬ್ಬೆಯಲ್ಲಿ ತರಗೆಲೆಯ ಮುದ್ದೆ ಬಂದು ಕೂತ ಹಾಗೆ, ಎಲ್ಲೋ ಒಂದು ಕಡೆ ಅದು ಕೂರುತ್ತದೆ. ಅಲ್ಲಿಂದ ಮುಂದಕ್ಕೆ ರಕ್ತವಿಲ್ಲ.

ಇದನ್ನು ಹುಡುಕಲು ಇವತ್ತಿಗೂ ಮೊದಲ ಆಯ್ಕೆ ಸಿಟಿ. ಕೈಗೆ ಅಯೋಡಿನ್ ಇರುವ ಡೈ ಹಾಕುತ್ತೇವೆ, ಅದು ಶ್ವಾಸಕೋಶದ ನಾಳ ತುಂಬುವ ಹೊತ್ತಿಗೆ ಸರಿಯಾಗಿ ಚಿತ್ರ ತೆಗೆಯುತ್ತೇವೆ. ಚಿತ್ರಕ್ಕೆ ಬೇಕಾಗುವುದು ಕೆಲವೇ ಸೆಕೆಂಡ್. ಅಯೋಡಿನ್ ಎಕ್ಸ್-ರೇಯನ್ನು ತಡೆಯುತ್ತದೆ, ಹಾಗಾಗಿ ಡೈ ಹೋದಲ್ಲೆಲ್ಲ ಬೆಳ್ಳಗೆ ಕಾಣುತ್ತದೆ. ಹೆಪ್ಪು ಇರುವ ಕಡೆ ಬೂದು ಬಣ್ಣ.

ಇಲ್ಲೊಂದು ವಿಷಯ ಗಮನಿಸಬೇಕು. ಡೈ ಹೆಪ್ಪನ್ನು ತೋರಿಸುವುದಿಲ್ಲ. ಹರಿಯುವ ರಕ್ತವನ್ನು ತೋರಿಸುತ್ತದೆ. ಬೆಳಗಬೇಕಾದಲ್ಲಿ ಬೆಳಗದೆ ಉಳಿದ ಜಾಗವೇ ಹೆಪ್ಪು. ಎಂಆರ್‌ಐಯ ಮಾಮೂಲಿ ಡೈಗಳದ್ದೂ ಇದೇ ಕತೆ.

ಎಂಆರ್‌ಐಗೆ ಶ್ವಾಸಕೋಶ ಕಂಡರೆ ಆಗುವುದಿಲ್ಲ

ಎಂಆರ್‌ಐ ಕೇಳಿಸಿಕೊಳ್ಳುವುದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನಿನ ದನಿಯನ್ನು. ಮಿದುಳು, ಮಂಡಿ, ಬೆನ್ನುಮೂಳೆ ಎಲ್ಲ ನೀರು ತುಂಬಿದ ಜಾಗಗಳು, ಚೆನ್ನಾಗಿ ಕೇಳಿಸುತ್ತವೆ. ಶ್ವಾಸಕೋಶದ ತುಂಬ ಗಾಳಿ. ಗಾಳಿ ಮತ್ತು ಅಂಗಾಂಶ ಸೇರುವ ಲಕ್ಷಾಂತರ ಅಂಚುಗಳಲ್ಲಿ ಅಯಸ್ಕಾಂತದ ಬಲ ಏರುಪೇರಾಗುತ್ತದೆ. ದನಿ ಹುಟ್ಟಿದ ಕೂಡಲೇ ಸತ್ತುಹೋಗುತ್ತದೆ. ಇದರ ಜೊತೆಗೆ ಪಕ್ಕದಲ್ಲೇ ಬಡಿಯುವ ಹೃದಯ, ಏರಿಳಿಯುವ ಎದೆ.

ಚಿತ್ರ ಸರಿಯಾಗಿ ಬರಬೇಕಾದರೆ ರೋಗಿ ಹದಿನೈದು, ಇಪ್ಪತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಇಪ್ಪತ್ತು ಸೆಕೆಂಡ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಏದುಸಿರು ಬಿಡುತ್ತಿರುವವರಿಗೆ ಅದು ಆಗುಂಬೆ ಘಾಟಿಯನ್ನು ಓಡಿಕೊಂಡು ಹತ್ತಿದ ಹಾಗೆ. ನಾನು ಆ ಅಪ್ಪಯ್ಯನ ಹತ್ತಿರ ಹೋಗಿ, "ಯಜಮಾನ್ರೇ, ಉಸಿರು ಹಿಡಿದು ಒಂದು ಎರಡು ಎಣಿಸಿ ನೋಡಣ" ಅಂದೆ. ಬೆರಳು ಮಡಚುತ್ತಾ ಆರಕ್ಕೆ ಬಂದು ಕೆಮ್ಮಿದರು.

ಹೆಡ್ ಮಾಸ್ತರು ಬಂದ ಹಾಗೆ

ಸಿಟಿಯ ಡೈ ತಾನೇ ಕಾಣುತ್ತದೆ. ಎಂಆರ್‌ಐ ಡೈ ಹಾಗಲ್ಲ. ಅದು ಕಾಣುವುದಿಲ್ಲ, ಪಕ್ಕದಲ್ಲಿರುವ ನೀರಿನ ನಡವಳಿಕೆಯನ್ನು ಬದಲಿಸುತ್ತದೆ.

ಎಂಆರ್‌ಐ ಯಂತ್ರ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಯಿಂದ ಒಮ್ಮೆ ಕದಡುತ್ತದೆ. ಅವು ಮತ್ತೆ ತಮ್ಮ ಸಾಲಿಗೆ ಬಂದು ಕೂರಲು ಹೊತ್ತು ಬೇಕು. ರಕ್ತದಲ್ಲಿ ಇದು ಒಂದು ಸೆಕೆಂಡಿಗಿಂತ ಜಾಸ್ತಿ. ನಾವು ಪಟಪಟನೆ ಚಿತ್ರ ತೆಗೆಯುತ್ತಾ ಹೋದರೆ ಇನ್ನೂ ಕೂರದ ರಕ್ತ ಕಪ್ಪಾಗಿಯೇ ಉಳಿಯುತ್ತದೆ. ಆಗ ಡೈ ಬರುತ್ತದೆ. ಗದ್ದಲ ಮಾಡುತ್ತಿರುವ ಕ್ಲಾಸಿಗೆ ಹೆಡ್ ಮಾಸ್ತರು ಬಂದ ಹಾಗೆ, ಹತ್ತಿರ ಇರುವ ಕಣಗಳೆಲ್ಲ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಸಾಲಿಗೆ ಕೂರುತ್ತವೆ. ಆ ರಕ್ತ ಬೆಳ್ಳಗೆ ಹೊಳೆಯುತ್ತದೆ. ನಾವು ತೆಗೆಯುವುದು ಮಕ್ಕಳ ಫೋಟೋ, ಮಾಸ್ತರದ್ದಲ್ಲ.

ಈ ಮಾಸ್ತರ ಹೆಸರು ಗ್ಯಾಡೊಲಿನಿಯಮ್. ಅದರ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ, ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಲೋಹವಾಗಿಯೂ ಇದು ತಮಾಷೆಯದು. ಸುಮಾರು 20 ಡಿಗ್ರಿಗಿಂತ ತಣ್ಣಗಿದ್ದರೆ ಕಬ್ಬಿಣದ ಹಾಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಬಿಸಿಯಾದರೆ ಹಿಡಿತ ಸಡಿಲವಾಗುತ್ತದೆ. ನಮ್ಮ ಕಡೆ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಅಂಟಿದ ತುಂಡು ಮಧ್ಯಾಹ್ನದ ಬಿಸಿಲಿಗೆ ಬಿದ್ದುಹೋಗಬಹುದು.

ಆದರೆ ಬಿಡಿ ಗ್ಯಾಡೊಲಿನಿಯಮ್ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಹತ್ತಿರ ಇರುವುದರಿಂದ ದೇಹದಲ್ಲಿ ಕ್ಯಾಲ್ಸಿಯಮ್ ಮಾಡುವ ಕೆಲಸಕ್ಕೆಲ್ಲ ಅಡ್ಡ ಬರುತ್ತದೆ. ಹಾಗಾದರೆ ರಕ್ತಕ್ಕೆ ಹಾಕುವುದು ಹೇಗೆ? ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಮೈಲುತುತ್ತವನ್ನು ಬರೀ ನೀರಿಗೆ ಕಲಸಿ ಅಡಿಕೆ ಗೊನೆಗೆ ಹೊಡೆದರೆ ಗೊನೆಯೇ ಸುಟ್ಟುಹೋಗುತ್ತದೆ. ಸುಣ್ಣ ಸೇರಿಸಿ ಬೋರ್ಡೋ ಮಾಡಿದರೆ ಅದೇ ತಾಮ್ರ ಕೊಳೆರೋಗದಿಂದ ಕಾಪಾಡುತ್ತದೆ. ಗ್ಯಾಡೊಲಿನಿಯಮ್ಮನ್ನೂ ಹೀಗೆ ಬಿಡಿಯಾಗಿ ಓಡಾಡದಂತೆ ಇನ್ನೊಂದು ಅಣುವಿನಿಂದ ಹಿಡಿದು ಕಟ್ಟಿರುತ್ತಾರೆ. ಕಟ್ಟಿದ್ದು ಎಷ್ಟು ಭದ್ರ ಅನ್ನುವುದರ ಮೇಲೆ ಡೈಗಳಲ್ಲಿ ಮೊದಲ ವ್ಯತ್ಯಾಸ ಬರುತ್ತದೆ.

ಹಗ್ಗ ಮತ್ತು ಕೂಣಿ

ಹಳೆಯ ಡೈಗಳಲ್ಲಿ ಹಿಡಿಯುವ ಅಣು ಉದ್ದಕ್ಕಿರುತ್ತದೆ. ಕೊಡದ ಕಂಠಕ್ಕೆ ಹಗ್ಗ ಸುತ್ತಿದ ಹಾಗೆ. ಹಿಡಿತವೇನೋ ಇದೆ, ಆದರೆ ತುದಿ ಬಿಟ್ಟಿದೆ. 1988ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಮ್ಯಾಗ್ನೆವಿಸ್ಟ್ ಈ ಜಾತಿಯದು. ಓಮ್ನಿಸ್ಕ್ಯಾನ್ ಕೂಡ. ಇನ್ನೊಂದು ಜಾತಿಯಲ್ಲಿ ಅಣು ಉಂಗುರದಂತೆ ಸುತ್ತ ಮುಚ್ಚಿಕೊಂಡಿರುತ್ತದೆ. ಇದನ್ನು ನಾನು ಕೂಣಿ ಅನ್ನುತ್ತೇನೆ. ಮಳೆಗಾಲದಲ್ಲಿ ಗದ್ದೆಯ ತೂಬಿಗೆ ಇಡುವ ಬಿದಿರಿನ ಕೂಣಿಗೆ ಹೊಕ್ಕ ಮೀನು ಹೊರಗೆ ಬರುವುದಿಲ್ಲವಲ್ಲ, ಹಾಗೆ. ಡೋಟಾರೆಮ್, ಗ್ಯಾಡೊವಿಸ್ಟ್, ಪ್ರೊಹ್ಯಾನ್ಸ್ ಇವು ಕೂಣಿ ಜಾತಿ.

ಈ ವ್ಯತ್ಯಾಸ ಪುಸ್ತಕದಲ್ಲಿ ಮಾತ್ರ ಇರುವಂಥದ್ದಲ್ಲ. ಕಿಡ್ನಿ ಚೆನ್ನಾಗಿದ್ದರೆ ಡೈಯ ಅರ್ಧ ಪಾಲು ಒಂದೂವರೆ ಗಂಟೆ ಆಸುಪಾಸಿನಲ್ಲಿ ರಕ್ತದಿಂದ ಹೋಗಿರುತ್ತದೆ, ಒಂದು ದಿನದಲ್ಲಿ ಹೆಚ್ಚುಕಡಿಮೆ ಎಲ್ಲ ಮೂತ್ರದಲ್ಲಿ ಹೊರಬಿದ್ದಿರುತ್ತದೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅದು ದಿನಗಟ್ಟಲೆ ಸುತ್ತುತ್ತಿರುತ್ತದೆ. ಅಷ್ಟು ಹೊತ್ತಿಗೆ ಹಗ್ಗ ಸಡಿಲವಾಗುತ್ತದೆ. ಇಂಥವರಲ್ಲಿ ಕೆಲವರಿಗೆ ಚರ್ಮ ಮರದ ತೊಗಟೆಯ ಹಾಗೆ ಗಟ್ಟಿಯಾಗುವ, ಕೀಲು ಮಡಚಲಾಗದ ಕಾಯಿಲೆ ಬಂತು. ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಅಂತ ಅದರ ಹೆಸರು. ಅದಕ್ಕೂ ಗ್ಯಾಡೊಲಿನಿಯಮ್ಮಿಗೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಆಮೇಲೆ ಕಿಡ್ನಿ ಸೋತವರಿಗೆ ಹಗ್ಗದ ಜಾತಿಯ ಹಳೆಯ ಡೈ ಕೊಡುವುದು ನಿಂತಿತು, ಹೊಸ ಕೇಸುಗಳೂ ಹೆಚ್ಚುಕಡಿಮೆ ನಿಂತುಹೋದವು. 2014ರಲ್ಲಿ ಜಪಾನಿನ ವೈದ್ಯರು ಇನ್ನೊಂದು ಸಂಗತಿ ತೋರಿಸಿದರು. ಮತ್ತೆ ಮತ್ತೆ ಡೈ ಹಾಕಿಸಿಕೊಂಡವರ ಮಿದುಳಿನಲ್ಲಿ ಗ್ಯಾಡೊಲಿನಿಯಮ್ಮಿನ ಗುರುತು ಉಳಿಯುತ್ತಿತ್ತು. ಅದರಿಂದ ಮಿದುಳಿಗೆ ಕೆಡುಕಾಗಿದೆ ಅಂತ ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪು ಹಗ್ಗದ ಜಾತಿಯ ಬಹುತೇಕ ಡೈಗಳನ್ನು ನಿಲ್ಲಿಸಿತು, ಒಂದೆರಡನ್ನು ಲಿವರ್ ಸ್ಕ್ಯಾನಿಗೆ ಮಾತ್ರ ಉಳಿಸಿತು.

ಹಾಗಾಗಿ "ಕಿಡ್ನಿ ವೀಕು, ಅದಕ್ಕೇ ಎಂಆರ್‌ಐ" ಅನ್ನುವುದು ಸಲೀಸಾದ ದಾರಿಯಲ್ಲ. ಈ ಡೈ ಹೊರಗೆ ಹೋಗುವುದೂ ಕಿಡ್ನಿಯಿಂದಲೇ. ಕೂಣಿ ಜಾತಿಯದಾದರೆ ಅಪಾಯ ತೀರಾ ಕಮ್ಮಿ, ಅದು ನಿಜ. ಆದರೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ನೋಡದೆ ನಾವು ಮುಂದೆ ಹೋಗುವುದಿಲ್ಲ.

ಯಾವುದು ಜಾಸ್ತಿ ಬೆಳಗುತ್ತದೆ?

ಈಗ ಅಸಲು ಹೋಲಿಕೆಗೆ ಬರೋಣ. ಮಾಮೂಲಿ ಡೈಗಳು ಬೆಳಗಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಗ್ಯಾಡೊವಿಸ್ಟ್ ದ್ರಾವಣ ಮಾತ್ರ ಉಳಿದವಕ್ಕಿಂತ ಎರಡರಷ್ಟು ಗಟ್ಟಿ. 60 ಕೆಜಿಯ ಮನುಷ್ಯನಿಗೆ ಡೋಟಾರೆಮ್ 12 ಎಂಎಲ್ ಬೇಕಾದರೆ ಇದು 6 ಎಂಎಲ್ ಸಾಕು. ಕೇಳಲು ಚೆನ್ನ. ಆದರೆ ಶ್ವಾಸಕೋಶದ ಸ್ಕ್ಯಾನಿನಲ್ಲಿ ಆರೇ ಎಂಎಲ್ ಡೈ ಸರ್ರನೆ ಹಾದುಹೋಗಿಬಿಡುತ್ತದೆ. ಚಿತ್ರ ಮುಗಿಯುವ ಮುಂಚೆ ಬೆಳಕು ಆರಿದರೆ ನಾಳದ ಅಂಚು ಮಸುಕಾಗುತ್ತದೆ. ಅದಕ್ಕೇ ಕೆಲವು ಕಡೆ ಡೈಗೆ ಸಲೈನ್ ಬೆರೆಸಿ, ನಿಧಾನವಾಗಿ ಬಿಟ್ಟು, ಬೆಳಕನ್ನು ಹಿಗ್ಗಿಸುತ್ತಾರೆ. ಮಲ್ಟಿಹ್ಯಾನ್ಸ್ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಸ್ವಲ್ಪ ಅಂಟುವುದರಿಂದ ಒಂದು ಕೈ ಜಾಸ್ತಿ ಬೆಳಗುತ್ತದೆ, ಆದರೆ ಅದು ಹಗ್ಗದ ಜಾತಿ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗ್ಯಾಡೊಪಿಕ್ಲೆನಾಲ್ ಕೂಣಿ ಜಾತಿಯದು, ಶಕ್ತಿ ಎರಡು ಪಟ್ಟಿಗೂ ಮೇಲೆ, ಹಾಗಾಗಿ ಅರ್ಧ ಡೋಸ್ ಸಾಕು. ದೇಹಕ್ಕೆ ಹೋಗುವ ಲೋಹ ಅರ್ಧವಾಗುತ್ತದೆ ಅನ್ನುವುದೇ ಅದರ ದೊಡ್ಡ ಲಾಭ.

ಇವೆಲ್ಲಕ್ಕೂ ಒಂದು ಸಮಾನ ದೌರ್ಬಲ್ಯ. ಅಣು ಚಿಕ್ಕದು, ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಹಳೆಯ ಮಣ್ಣಿನ ಕಾಲುವೆಯ ನೀರಿನ ಹಾಗೆ ಅಕ್ಕಪಕ್ಕಕ್ಕೆ ಇಂಗಿಹೋಗುತ್ತದೆ. ಮೊದಲ ಸಲ ಶ್ವಾಸಕೋಶ ಹಾದುಹೋಗುವಾಗ ಹಿಡಿದರೆ ಸರಿ. ರೋಗಿ ಆ ಹೊತ್ತಿಗೇ ಕೆಮ್ಮಿದರೆ ಆಟ ಮುಗಿಯಿತು.

ಇದಕ್ಕೆ ಉತ್ತರವಾಗಿ ಬಂದದ್ದು ನಾಳದಲ್ಲೇ ಉಳಿಯುವ ಡೈ. ಗ್ಯಾಡೊಫೊಸ್ವೆಸೆಟ್ ಅನ್ನುವುದನ್ನು ಆಲ್ಬುಮಿನ್ನಿಗೆ ಗಟ್ಟಿಯಾಗಿ ಅಂಟುವಂತೆ ಮಾಡಿದ್ದರು. ದೊಡ್ಡ ಪ್ರೋಟೀನಿನ ಬೆನ್ನೇರಿದ ಅಣು ನಿಧಾನವಾಗಿ ಹೊರಳುತ್ತದೆ, ಅದರಿಂದ ಬೆಳಗಿಸುವ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ. ಮಾಮೂಲಿ ಡೋಸಿನ ಮೂರನೇ ಒಂದು ಪಾಲಿಗಿಂತ ಕಮ್ಮಿ ಹಾಕಿದರೂ ಸಾಕಿತ್ತು. ಎಲ್ಲಕ್ಕಿಂತ ಮುಖ್ಯ, ಹೊತ್ತು ಸಿಗುತ್ತಿತ್ತು. ಕೆಮ್ಮಿದರೆ ಇನ್ನೊಮ್ಮೆ ತೆಗೆಯಬಹುದು. ಶ್ವಾಸಕೋಶ ಮುಗಿಸಿ, ಅದೇ ಇಂಜೆಕ್ಷನ್ನಿನಲ್ಲಿ ಕಾಲಿನ ನಾಳವನ್ನೂ ನೋಡಬಹುದು. ಹೆಪ್ಪು ಹುಟ್ಟಿದ ಮನೆಯೂ ಸಿಕ್ಕಿತು, ಬಂದು ಸೇರಿದ ಮನೆಯೂ ಸಿಕ್ಕಿತು. ಕಾಗದದ ಮೇಲೆ ಶ್ವಾಸಕೋಶದ ಹೆಪ್ಪಿಗೆ ಇದಕ್ಕಿಂತ ಒಳ್ಳೆಯ ಗ್ಯಾಡೊಲಿನಿಯಮ್ ಡೈ ಇಲ್ಲ. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೊಳ್ಳುವವರು ಸಾಲಲಿಲ್ಲ, 2017ರ ಹೊತ್ತಿಗೆ ತಯಾರಿಕೆಯೇ ನಿಂತಿತು. ನನಗೆ ಇದು ಬೇಜಾರಿನ ಸಂಗತಿ.

ಆ ಖಾಲಿ ಜಾಗಕ್ಕೆ ಕೆಲವರು ತಂದದ್ದು ಕಬ್ಬಿಣ. ಫೆರುಮಾಕ್ಸಿಟಾಲ್ ಅನ್ನುವುದು ಮೂಲತಃ ಡೈ ಅಲ್ಲ, ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ ಕೊಡುವ ಕಬ್ಬಿಣದ ಔಷಧಿ. 2009ರಲ್ಲಿ ಅಮೆರಿಕದಲ್ಲಿ ಅದೇ ಕಾರಣಕ್ಕೆ ಒಪ್ಪಿಗೆ ಪಡೆಯಿತು. ಬಾಟಲಿಯಲ್ಲಿ ನೋಡಿದರೆ ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣ. ಅದರ ಕಬ್ಬಿಣದ ಕಣಗಳು ನಾಳದಿಂದ ಸೋರಿಹೋಗದಷ್ಟು ದೊಡ್ಡವು. ಅರ್ಧ ಪಾಲು ಕಮ್ಮಿಯಾಗಲು ಸುಮಾರು 15 ಗಂಟೆ ಬೇಕು. ಆಮೇಲೂ ಕಿಡ್ನಿಯ ಹಂಗಿಲ್ಲ. ಲಿವರ್, ಗುಲ್ಮದ ಕೋಶಗಳು ಅದನ್ನು ನುಂಗಿ ದೇಹದ ಕಬ್ಬಿಣದ ಉಗ್ರಾಣಕ್ಕೆ ಸೇರಿಸುತ್ತವೆ. ಕಿಡ್ನಿ ಸೋತವರಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೆ ಅಪರೂಪಕ್ಕೆ ಜೀವಕ್ಕೇ ಎರವಾಗುವಂಥ ಅಲರ್ಜಿ ಆಗುತ್ತದೆ ಅಂತ 2015ರಲ್ಲಿ ಅಮೆರಿಕದ ಔಷಧಿ ಇಲಾಖೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕನಿಷ್ಠ ಹದಿನೈದು ನಿಮಿಷ ಡ್ರಿಪ್ಪಿನಲ್ಲಿ ನಿಧಾನ ಬಿಡಬೇಕು. ಇನ್ನೊಂದು ತಕರಾರು, ಆಮೇಲೆ ಮೂರು ತಿಂಗಳವರೆಗೂ ಬೇರೆ ಎಂಆರ್‌ಐ ಚಿತ್ರಗಳಲ್ಲಿ ಇದರ ನೆರಳು ಬೀಳಬಹುದು. ಉಸಿರು ಕಟ್ಟಿ ಬಂದವರ ಮುಂದೆ ತುರ್ತಾಗಿ ಇದನ್ನು ಹಿಡಿದು ನಿಲ್ಲುವುದು ನನಗಂತೂ ಇಷ್ಟವಿಲ್ಲ.

371 ಜನರ ಪಾಠ

ಡೈ ಚೆನ್ನಾಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆ ನಂಬಿಕೆ ಕೆಡಿಸಿದ್ದು ಅಮೆರಿಕದ ಪಯೋಪೆಡ್-3 ಅನ್ನುವ ಅಧ್ಯಯನ. ಏಳು ಆಸ್ಪತ್ರೆ, 371 ರೋಗಿಗಳು, 2010ರಲ್ಲಿ ಪ್ರಕಟವಾಯಿತು. ಗ್ಯಾಡೊಲಿನಿಯಮ್ ಹಾಕಿ ಶ್ವಾಸಕೋಶದ ನಾಳಗಳ ಎಂಆರ್‌ಐ ಮಾಡಿದರು. ಚಿತ್ರ ಸರಿಯಾಗಿ ಬಂದವರಲ್ಲಿ, ಹೆಪ್ಪು ಇದ್ದ ನೂರು ಜನರ ಪೈಕಿ 78 ಜನರದ್ದು ಸಿಕ್ಕಿತು. ಹೆಪ್ಪು ಇಲ್ಲದವರನ್ನು ಇಲ್ಲ ಅನ್ನುವುದರಲ್ಲಿ ನೂರಕ್ಕೆ 99 ಸರಿ. ಕೆಟ್ಟದ್ದೇನಲ್ಲ. ಇದೇ ಸಾಲಿನ 2006ರ ಸಿಟಿ ಅಧ್ಯಯನದಲ್ಲಿ ಇವು 83 ಮತ್ತು 96 ಇದ್ದವು.

ಆದರೆ "ಚಿತ್ರ ಸರಿಯಾಗಿ ಬಂದವರಲ್ಲಿ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ನಾಲ್ವರಲ್ಲಿ ಒಬ್ಬರ ಚಿತ್ರ ಓದಲು ಬರುವಂತೆಯೇ ಇರಲಿಲ್ಲ. ಅವರನ್ನೂ ಲೆಕ್ಕಕ್ಕೆ ಸೇರಿಸಿದರೆ 78 ಇಳಿದು 57 ಆಯಿತು. ಕಾಲಿನ ನಾಳದ ಎಂಆರ್‌ಐಯನ್ನೂ ಜೊತೆಗೂಡಿಸಿದಾಗ ಹೆಪ್ಪು ಸಿಕ್ಕುವುದು 92ಕ್ಕೆ ಏರಿತು, ಆದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಚಿತ್ರವೇ ಸರಿ ಬರಲಿಲ್ಲ.

ನನ್ನ ಕಣ್ಣು ನಿಂತದ್ದು ಇನ್ನೊಂದು ಸಂಖ್ಯೆಯ ಮೇಲೆ. ಕೆಟ್ಟುಹೋದ ಚಿತ್ರಗಳು ಒಂದು ಆಸ್ಪತ್ರೆಯಲ್ಲಿ ನೂರಕ್ಕೆ 11, ಇನ್ನೊಂದರಲ್ಲಿ 52. ಕೆಲಸ ಅದೇ, ಡೈಯ ಲೋಹವೂ ಅದೇ. ವ್ಯತ್ಯಾಸ ಇರುವುದು ಇಂಜೆಕ್ಷನ್ನಿನ ಹೊತ್ತು ನೋಡುವ ಕೈಯಲ್ಲಿ, ಉಸಿರು ಹಿಡಿಸುವ ಮಾತಿನಲ್ಲಿ ಅಂತ ನನ್ನ ಅನಿಸಿಕೆ. ಚಿತ್ರ ಓದುವ ಕಣ್ಣಿನಲ್ಲೂ ಒಂದು ಗುಂಡಿ ಇದೆ. ಎಂಆರ್‌ಐ ಲೆಕ್ಕಾಚಾರದ ದೋಷದಿಂದ ಬೆಳ್ಳಗಿನ ನಾಳದ ನಡುವೆ ಕೆಲವೊಮ್ಮೆ ಒಂದು ಸುಳ್ಳು ಕಪ್ಪು ಗೆರೆ ಬೀಳುತ್ತದೆ. ಪಳಗದವರು ಅದನ್ನೇ ಹೆಪ್ಪು ಅಂದುಬಿಡಬಹುದು. ಯಾವ ಡೈ ಹಾಕಿದರೂ ಇದು ತಪ್ಪುವುದಿಲ್ಲ.

ಇಂಥ ಕಡೆ ಸಹಾಯಕ್ಕೆ ಬರುವುದು ಇನ್ನೊಂದು ಉಪಾಯ. ನಾಳದ ಒಳಗೆ ಹೆಪ್ಪು ಹುಡುಕುವುದು ಬಿಟ್ಟು, ರಕ್ತ ತಲುಪದ ಜಾಗ ಹುಡುಕುವುದು. ತೋಟದಲ್ಲಿ ಕಾಲುವೆ ಎಲ್ಲಿ ಕಟ್ಟಿದೆ ಅಂತ ಗೊತ್ತಾಗದಿದ್ದರೂ ಯಾವ ಸಾಲಿನ ಗಿಡ ಬಾಡಿದೆ ಅಂತ ಗೊತ್ತಾಗುತ್ತದಲ್ಲ. ಡೈ ಹರಡುವುದನ್ನು ಒಂದೊಂದು ಕ್ಷಣಕ್ಕೂ ತೆಗೆಯುತ್ತಾ ಹೋದರೆ ಶ್ವಾಸಕೋಶದಲ್ಲಿ ಹೋಳಿನ ಆಕಾರದ ಕಪ್ಪು ಜಾಗ ಎದ್ದು ಕಾಣುತ್ತದೆ.

ಹೆಪ್ಪನ್ನೇ ಬೆಳಗಿಸುವ ಡೈ ಇಲ್ಲವೇ? ಪ್ರಯತ್ನವಂತೂ ಆಗಿದೆ. ಇಪಿ-2104ಆರ್ ಅನ್ನುವ ಅಣು ಹೆಪ್ಪಿನ ಬಲೆಯಾದ ಫೈಬ್ರಿನ್ನಿಗೇ ಹೋಗಿ ಅಂಟುತ್ತದೆ. ಒಂದೊಂದು ಅಣುವಿನಲ್ಲೂ ನಾಲ್ಕು ಗ್ಯಾಡೊಲಿನಿಯಮ್. ಮನುಷ್ಯರಲ್ಲಿ ಪರೀಕ್ಷೆಯೂ ನಡೆಯಿತು, ಅಂಗಡಿಗೆ ಬರಲಿಲ್ಲ. ಇನ್ನು ಡೈಯೇ ಇಲ್ಲದ ದಾರಿಯೂ ಇದೆ. ಹೊಸ ಹೆಪ್ಪಿನಲ್ಲಿ ಹಿಮೋಗ್ಲೋಬಿನ್ ಮೆಥಿಮೋಗ್ಲೋಬಿನ್ ಆಗಿ ಬದಲಾಗುತ್ತದೆ, ಅದರ ಕಬ್ಬಿಣವೇ ಡೈಯ ಕೆಲಸ ಮಾಡಿ ಹೆಪ್ಪು ತಾನಾಗಿ ಮಿನುಗುತ್ತದೆ. ಕಾಲಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಎದೆಯಲ್ಲಿ ಅಷ್ಟು ಸುಲಭವಲ್ಲ. ಬಸುರಿಯರಿಗೆ ಎಂಆರ್‌ಐ ಮಾಡಬೇಕಾಗಿ ಬಂದರೆ ಇಂಥ ಡೈ ಇಲ್ಲದ ದಾರಿಗಳೇ ಗತಿ. ಗ್ಯಾಡೊಲಿನಿಯಮ್ ಮಾಸು ದಾಟಿ ಮಗುವಿಗೆ ಹೋಗುವುದರಿಂದ ಆದಷ್ಟು ಹಾಕುವುದಿಲ್ಲ.

ಸದ್ಯ ಬಾಟಲಿಗಳಲ್ಲಿ ಒಂದನ್ನು ಆರಿಸು ಅಂದರೆ ನಾನು ಕೂಣಿ ಜಾತಿಯದೇ ಯಾವುದಾದರೂ ಸರಿ ಅನ್ನುತ್ತೇನೆ. ಶ್ವಾಸಕೋಶದ ಹೆಪ್ಪಿನ ಮಟ್ಟಿಗೆ ಡೋಟಾರೆಮ್ ಚಿತ್ರವನ್ನೂ ಗ್ಯಾಡೊವಿಸ್ಟ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಬಾಟಲಿಯದ್ದು ಅಂತ ನನಗೇ ಹೇಳಲಾಗದು. ಆರು ಎಣಿಸುವಷ್ಟರಲ್ಲಿ ಕೆಮ್ಮುವವರಿಗೆ ಯಾವ ಬಾಟಲಿಯೂ ನಡೆಯುವುದಿಲ್ಲ.

ಅವತ್ತು ಡಾಕ್ಟರು ಕ್ರಿಯಾಟಿನಿನ್ ನೋಡಿ, ಸಿಟಿಯನ್ನೇ ಮಾಡಿಸಿದರು. ಬಲಗಡೆಯ ದೊಡ್ಡ ಕವಲಿನಲ್ಲಿ ಹೆಪ್ಪು ಕೂತಿತ್ತು. ರಕ್ತ ತೆಳುವಾಗಿಸುವ ಔಷಧಿ ಶುರುವಾಯಿತು. ಇದಕ್ಕೆ ಕನಿಷ್ಠ ಮೂರು ತಿಂಗಳ ಚಿಕಿತ್ಸೆ. ದೀಪಾವಳಿ ಕಳೆದ ಮೇಲೆ ಅಪ್ಪ ಮಗಳು ಚೆಕಪ್ಪಿಗೆ ಬಂದಾಗ ನನ್ನ ಬಾಗಿಲಲ್ಲೂ ಇಣುಕಿದರು. ಒಂದು ಕವರಿನಲ್ಲಿ ಹಸಿ ಅಡಿಕೆ, ವೀಳ್ಯದೆಲೆ. ಯಜಮಾನರು ಕೋಲು ಗೋಡೆಗೆ ಒರಗಿಸಿ, ನಾನು ಕೇಳುವ ಮುಂಚೆಯೇ ಎದೆ ತುಂಬ ಉಸಿರೆಳೆದು ಬೆರಳು ಮಡಚಲು ಶುರುಮಾಡಿದರು. ಇಪ್ಪತ್ತೆರಡಕ್ಕೆ ಬಿಟ್ಟರು.

"ಈಗ ಮಾಡಬಹುದಾ ನಿಮ್ಮ ಎಂಆರ್‌ಐ?" ಅಂದರು.

"ಈಗ ಬೇಕಾಗಿಲ್ಲ ಯಜಮಾನ್ರೇ" ಅಂದೆ.